ಮುತ್ಯಾನ ಎಡಮಗ್ಗುಲು

ನಮ್ಮ ಮನೆಯಲ್ಲಿ ಊಟಕ್ಕೆ ಯಾರು ಎಲ್ಲಿ ಕೂರಬೇಕೆಂದು ಮೊದಲೇ ನಿಗದಿಯಾಗಿತ್ತು. ಮುತ್ಯಾ, ಎಂದರೆ ನನ್ನ ಅಪ್ಪನ ಅಪ್ಪ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರುತ್ತಿದ್ದ. ಅವನ ಬಲಕ್ಕೆ ಅಪ್ಪ, ಅಪ್ಪನ ಆಚೆಗೆ ನಾನು. ಎಡಕ್ಕೆ ಆಯಿ, ನನ್ನ ಅಜ್ಜಿ. ಆಕೆ ನಮ್ಮ ಜೊತೆ ಉಣ್ಣುತ್ತಿರಲಿಲ್ಲ. ರೊಟ್ಟಿಯ ಬುಟ್ಟಿ ಮುಂದಿಟ್ಟುಕೊಂಡು, ಕೈಯಲ್ಲಿ ಬೀಸಣಿಗೆ ಹಿಡಿದು, ಮುತ್ಯಾನ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದಳು. ತಟ್ಟೆಯಲ್ಲೂ ಕ್ರಮವಿತ್ತು. ಬಲಕ್ಕೆ ಪಲ್ಯ, ಎಡಕ್ಕೆ ಶೇಂಗಾ ಹಿಂಡಿ ಮತ್ತು ಮೊಸರು, ನಡುವೆ ರೊಟ್ಟಿ. ಒಮ್ಮೆ ಬಡಿಸಿದ ತಟ್ಟೆಯನ್ನು ಉಣ್ಣುವಾಗ ತಿರುಗಿಸಬಾರದು. ಯಾಕೆ ಎಂದು ನಾನು ಕೇಳಿದ್ದೆ. "ತಿರುಗಸಬಾರದು, ಅದಕ್ಕ" ಎಂದಿದ್ದಳು. ಆಯಿಯ ಕಾನೂನುಗಳಿಗೆ ಕಾರಣ ಇರುತ್ತಿರಲಿಲ್ಲ, ಹೊತ್ತು ಇರುತ್ತಿತ್ತು. ಇಷ್ಟು ಹೊತ್ತಿಗೆ ಕಸ, ಇಷ್ಟು ಹೊತ್ತಿಗೆ ಸ್ನಾನ, ಇಷ್ಟು ಹೊತ್ತಿಗೆ ಒಲೆ. ತಡವಾಗಿ ಬಂದವರಿಗೆ ಬೈಗುಳ ಇಲ್ಲ. ಬಾಗಿಲಲ್ಲಿ ನಿಂತು ಅವರ ಮುಖವನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು, ಅಷ್ಟೇ ಸಾಕಾಗುತ್ತಿತ್ತು.

ಮನೆ ಬೇಗಂ ಬಜಾರದ ಒಂದು ಓಣಿಯಲ್ಲಿತ್ತು. ಮುಂದೆ ಮುತ್ಯಾನ ಒಣಮೆಣಸಿನಕಾಯಿ ಅಂಗಡಿ, ಹಿಂದೆ ಅಡುಗೆಮನೆ ಮತ್ತು ಬಚ್ಚಲು, ನಡುವೆ ಎರಡು ಬಾಗಿಲಿನ ಪಡಸಾಲೆ. ಅಂಗಡಿಯ ಬಾಗಿಲಿನಿಂದ ಗಂಡಸರು ಬರುತ್ತಿದ್ದರು, ಕೆಮ್ಮುತ್ತ. ಮೆಣಸಿನಕಾಯಿಯ ಘಾಟಿಗೆ ಕೆಮ್ಮದವರು ನಾವು ಮನೆಯವರು ಮಾತ್ರ. ಒಳಬಾಗಿಲಿನಿಂದ ಹೆಂಗಸರು. ಆಯಿ ಅಂಗಡಿಯ ಬಾಗಿಲ ಕಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ಓಣಿಯಲ್ಲಿ ತೆಲುಗು, ಹಿಂದಿ, ಮಾರವಾಡಿ, ಅಂಗಡಿಯಲ್ಲಿ ಉರ್ದು, ಪಡಸಾಲೆಯ ಹೊಸ್ತಿಲು ದಾಟಿದರೆ ಕನ್ನಡ. ಕಲಬುರಗಿ ಕಡೆಯಿಂದ ಬಂದು ನಿಂತ ಮನೆ ಹೀಗೆಯೇ ಇರಬೇಕೆಂದು ಆಯಿ ತೀರ್ಮಾನಿಸಿದ್ದಳು. ಸ್ನಾನದ ನಂತರ ಲಿಂಗಪೂಜೆ. ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯ ಮೇಲೆ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ಮಿಟುಕಿಸದೆ ನೋಡುತ್ತ ಕೂರುವುದು. ಅದಾಗದೆ ದೊಡ್ಡವರ ಬಾಯಿಗೆ ಹನಿ ನೀರಿಲ್ಲ. ಈಗಲೂ ಲಿಂಗಂಪಲ್ಲಿಯ ನನ್ನ ಫ್ಲ್ಯಾಟಿನಲ್ಲಿ ಮೊದಲ ರೈಲಿನ ಸದ್ದಿಗೆ ಏಳುತ್ತೇನೆ. ಸ್ನಾನವಾಗದೆ ಚಹಾ ಕುಡಿಯುವುದಿಲ್ಲ. ದೇವರ ಮೇಲಿನ ನಂಬಿಕೆ ಹೋಗಿ ಬಹಳ ಕಾಲವಾಯಿತು. ಕ್ರಮ ಉಳಿದಿದೆ.

ಮೆದುಳಿನ ಸಂಶೋಧನೆಯಲ್ಲಿ ನಾನು ಕಳೆದ ವರ್ಷಗಳ ಬಗ್ಗೆ ಬೇರೆ ಕಡೆ ಬರೆದಿದ್ದೇನೆ. ಆದರೆ ಆ ಕೆಲಸ ಎಲ್ಲಿ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಯಾವ ಪ್ರಯೋಗಾಲಯವೂ ನೆನಪಾಗುವುದಿಲ್ಲ. ನೆನಪಾಗುವುದು ಆ ಪಡಸಾಲೆ, ಮತ್ತು ಅಲ್ಲಿ ಗಂಡನ ಎಡಕ್ಕೆ ಕೂತು ಕೂತೇ ಇಲ್ಲದಂತಾದ ಆಯಿ.

ಅದು ಒಂದು ಬಿಸ್ಕತ್ತಿನ ಜಗಳದಿಂದ ಆರಂಭವಾಯಿತು ಎಂದು ಆಯಿ ಕೊನೆಯವರೆಗೂ ನಂಬಿದ್ದಳು. ಮುತ್ಯಾ ಬೆಳಗ್ಗೆ ಎದ್ದು "ಗಾಳಿ ತಗೊಂಡು ಬರ್ತೀನಿ" ಎಂದು ಹೋಗುತ್ತಿದ್ದ. ಎದುರು ಸಾಲಿನ ಅತ್ತರಿನ ಅಂಗಡಿಯ ಖಾದರ್ ಸಾಹೇಬರು ಜೊತೆಗಿರುತ್ತಿದ್ದರು. ಇಬ್ಬರೂ ಗಾಳಿ ತೆಗೆದುಕೊಳ್ಳುತ್ತಿದ್ದದ್ದು ಓಣಿಯ ತುದಿಯ ಇರಾನಿ ಹೋಟೆಲಿನಲ್ಲಿ. ಇದು ಓಣಿಗೆಲ್ಲ ಗೊತ್ತಿತ್ತು, ಆಯಿಗೆ ಗೊತ್ತಿರಲಿಲ್ಲ. ಒಂದು ದಿನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದಳು.

"ಪೂಜಿ ಆಗೂದರೊಳಗ ಚಾ ಕುಡೀತೀರಿ?"

"ನಾ ಎಲ್ಲಿ ಕುಡದೆ? ಕುಡದಾಂವ ಖಾದರ್. ನಾ ಚಾದಾಗ ಬಿಸ್ಕೀಟ ಅದ್ದಿದೆ, ಅಷ್ಟ."

"ಎಷ್ಟ ದಿನದಿಂದ ನಡದೈತ್ರಿ ಇದು?"

ಮುತ್ಯಾ ಲೆಕ್ಕ ಹಾಕುವವನಂತೆ ಮೇಲೆ ನೋಡಿದ. "ನಿಜಾಮರು ಇದ್ದಾಗಿಂದ."

ಅಪ್ಪ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನಂತೂ ಜೋರಾಗಿಯೇ ನಕ್ಕೆ.

"ನಗ್ರಿ, ಎಲ್ಲಾರೂ ನಗ್ರಿ. ಇನ್ನ ನಾ ನಿಮ್ಮ ಎಡಕ್ಕ ಕೂಡಂಗಿಲ್ಲ. ನಿಮ್ಮ ಕಣ್ಣಿಗೇ ಬೀಳಂಗಿಲ್ಲ. ತಿಳೀತೇನು?"

ಅಂದು ಮಧ್ಯಾಹ್ನ ರೊಟ್ಟಿಯನ್ನು ಅವ್ವನ ಕೈಯಲ್ಲಿ ಕಳಿಸಿದಳು. ಮುತ್ಯಾ ಎಡಕ್ಕಿದ್ದ ಖಾಲಿ ಜಾಗಕ್ಕೆ ಕೈ ಮುಗಿದು "ಬಡಸ್ರಿ ತಾಯಿ" ಎಂದು ಗೇಲಿ ಮಾಡಿದ. ಮರುದಿನ ಬೆಳಗ್ಗೆ ಅಂಗಡಿಯ ಚೀಲಗಳ ನಡುವೆ ಬಿದ್ದ. ಲಕ್ವಾ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಎಡಗೈ, ಎಡಗಾಲು ಅವನದಾಗಿರಲಿಲ್ಲ. ಮಾತು ಮಾತ್ರ ಮೊದಲಿನಂತೆಯೇ ಇತ್ತು. ಮಾತು ಉಳಿದದ್ದು ಪುಣ್ಯ ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ಬಂದವರಿಗೆಲ್ಲ ಹೇಳಿದ. ಪಡಸಾಲೆಯಲ್ಲಿ ಮಂಚ ಹಾಕಿದರು. ತಲೆ ಗೋಡೆಗೆ, ಬಲಗೈ ಅಂಗಡಿಯ ಬಾಗಿಲಿಗೆ, ಎಡಗೈ ಒಳಬಾಗಿಲಿಗೆ. ಬೇರೆ ರೀತಿ ಹಾಕಲು ಜಾಗವಿರಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಒಂದು ಮನೆ ಎರಡಾಯಿತು.

ಆ ದಿನ ಆಯಿ ಮೊದಲಿಗಿಂತ ಬೇಗ ಅಡುಗೆ ಮುಗಿಸಿದಳು. ಮೆತ್ತಗೆ ಕಲಸಿದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ. ಮಂಚದ ಎಡಕ್ಕೆ, ಮುತ್ಯಾನ ಹೆಗಲಿಗೆ ತಾಗುವಷ್ಟು ಹತ್ತಿರ ಕೂತಳು. ಬೀಸಣಿಗೆ ಬೀಸಿದಳು. ಅವ್ವ ಬಲಕ್ಕೆ ನಿಂತು ನೀರಿನ ಲೋಟ ಹಿಡಿದಿದ್ದಳು. ಮುತ್ಯಾ ಬಲಗೈಯಲ್ಲಿ ತಾನೇ ಉಂಡ. ಉಣ್ಣುತ್ತ ಅವ್ವನನ್ನು ಕೇಳಿದ:

"ನಿಮ್ಮತ್ತಿ ಎಲ್ಲಿ ಹೋಗ್ಯಾಳ?"

"ಇಲ್ಲೇ ಅದಾರಲ್ರಿ ಮಾವಾ, ನಿಮ್ಮ ಬಾಜೂಕ."

ಮುತ್ಯಾ ಬಲಕ್ಕೆ ನೋಡಿದ, ಅಂಗಡಿಯ ಬಾಗಿಲಿನವರೆಗೂ ನೋಡಿದ. "ಎಲ್ಲಿ?"

"ನಾ ಇಲ್ಲೇ ಅದೀನ್ರಿ. ಉಣ್ರಿ," ಎಂದಳು ಆಯಿ ಎಡಗಡೆಯಿಂದ.

ಮುತ್ಯಾ ಅದನ್ನು ಕೇಳಿದ. ಕೇಳಿ ಅವ್ವನ ಮುಖವನ್ನೇ ದಿಟ್ಟಿಸಿದ. "ನೀ ಯಾಕ ಆಕಿಗತೆ ಮಾತಾಡ್ತಿ?"

ಅವ್ವ ಲೋಟ ಕೆಳಗಿಟ್ಟು ಆಯಿಯ ಕಡೆ ನೋಡಿದಳು. ಆಯಿ ಬೀಸಣಿಗೆ ನಿಲ್ಲಿಸಲಿಲ್ಲ. ಆಕೆಗೆ ಅರ್ಥವಾದದ್ದು ಒಂದೇ. ಗಂಡ ಸಿಟ್ಟು ಬಿಟ್ಟಿಲ್ಲ, ಬೇಕೆಂದೇ ನೋಡುತ್ತಿಲ್ಲ. ಮುನಿಸಿನಲ್ಲಿ ಆಡಿದ ಮಾತಿಗೆ ಇದು ಸರಿಯಾದ ಶಿಕ್ಷೆ ಎಂದು ಮೊದಲ ಕೆಲವು ದಿನ ಸುಮ್ಮನೆ ತಡೆದುಕೊಂಡಳು. ಅಂಗಡಿಯ ಕಡೆಯಿಂದ ಬಂದವರೊಡನೆ ಮುತ್ಯಾ ನಗುತ್ತಿದ್ದ, ಮೆಣಸಿನಕಾಯಿಯ ಧಾರಣೆ ಕೇಳುತ್ತಿದ್ದ. ಖಾದರ್ ಸಾಹೇಬರು ಬಲಕ್ಕೆ ಕುರ್ಚಿ ಎಳೆದು ಕೂತು, "ಶೇಟ್‌ಜೀ, ಹೋಟೆಲ್ ಮೇ ಆಪ್ ಕೀ ಕುರ್ಸೀ ಖಾಲೀ ಪಡೀ ಹೈ" ಎಂದು ಹೋಟೆಲಿನಲ್ಲಿ ಖಾಲಿ ಬಿದ್ದ ಅವನ ಕುರ್ಚಿಯನ್ನು ನೆನಪಿಸಿದರೆ, "ಆ ರಹಾ ಹೂಂ ಮಿಯಾ, ಜರಾ ಠಹರೋ", ಬಂದೆ, ಸ್ವಲ್ಪ ತಡಿ, ಎನ್ನುತ್ತಿದ್ದ. ಹೊರಗಿನವರಿಗೆ ಮುತ್ಯಾ ಹಳೆಯ ಮುತ್ಯಾನೇ. ಒಳಗಿನಿಂದ ಬಂದವರಿಗೆ ಅವನು ಇರಲಿಲ್ಲ. ಅಥವಾ ಅವನಿಗೆ ಅವರು ಇರಲಿಲ್ಲ.

ಮಧ್ಯಾಹ್ನ ಮುತ್ಯಾ ಆಯಿಗೆ ಪುರಾಣದ ಪುಸ್ತಕ ಓದಿ ಹೇಳುವುದು ಹಳೆಯ ಪದ್ಧತಿ. ಉರ್ದು ಶಾಲೆಯಲ್ಲಿ ಕಲಿತವನು ಅವನು. ಕನ್ನಡದ ಓದನ್ನು ಮದುವೆಯ ನಂತರ ಆಯಿಗಾಗಿಯೇ ರೂಢಿ ಮಾಡಿಕೊಂಡಿದ್ದನಂತೆ. ಆಯಿ ಪುಸ್ತಕ ತಂದು ಅವನ ತೊಡೆಯ ಮೇಲೆ ಇಟ್ಟಳು. ಅವನು ಓದಿದ. ಒಂದು ಸಾಲೂ ಒಂದಕ್ಕೊಂದು ಕೂಡಲಿಲ್ಲ. ಬಾಲವಿಲ್ಲದ ಮಾತಲ್ಲ, ತಲೆಯೇ ಇಲ್ಲದ ಮಾತು. "ಯಾರ ಛಾಪಾ ಹಾಕ್ಯಾರ ಇದನ್ನ?" ಎಂದು ಪುಸ್ತಕ ತಳ್ಳಿದ. ಅದೇ ಹೊತ್ತಿಗೆ ಅಪ್ಪ ಉರ್ದು ಪತ್ರಿಕೆ ಕೊಟ್ಟರೆ ಸುದ್ದಿ ಓದಿ ಸರಿಯಾಗಿಯೇ ಹೇಳುತ್ತಿದ್ದ. ಅಂದಿನಿಂದ ಓಣಿಯಲ್ಲಿ ಮಾತಾಯಿತು: ಮುದುಕ ಕನ್ನಡ ಮರೆತ, ಹೆಂಡತಿಯನ್ನೂ ಮರೆತ. ಆಯಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು. "ನಾ ಆಡೂ ಭಾಷಾನೂ ಬ್ಯಾಡ ಆಗೇತಿ ಅವರಿಗೆ" ಎಂದು ಅವ್ವನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಆಮೇಲೆ ಕೈಯ ವಿಷಯ ಬಂತು. ನಾನು ಶಾಲೆಯಿಂದ ಬಂದು ಅವನ ಬಲಕ್ಕೆ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಮಗ್ಗುಲು ಬದಲಿಸುವಾಗ ಅವನ ಬಲಗೈ ಹೊದಿಕೆಯೊಳಗೆ ತಡವರಿಸಿ ಎಡಗೈಯನ್ನು ಹಿಡಿಯಿತು. ಅವನು ಬೆಚ್ಚಿದ. ಆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದ. ನನ್ನನ್ನು ಹತ್ತಿರ ಕರೆದ.

"ನೀಲೂ, ನಿಮ್ಮವ್ವಗ ಹೇಳಬ್ಯಾಡ. ಇಲ್ಲಿ ನಿಮ್ಮ ಆಯಿ ಕೈ ಐತಿ."

"ಆಯಿ ಒಳಗ ಅದಾಳ, ಮುತ್ಯಾ."

"ಬರೇ ಕೈ ಐತಿ," ಎಂದ. "ಭಾಳ ತಣ್ಣಗೈತಿ. ಆಕಿ ಹೋಗ್ಯಾಳ, ಕೂಸಾ. ನನಗ ಯಾರೂ ಹೇಳವಲ್ಲರು."

ನನಗೆ ಹತ್ತು ವರ್ಷ. ಒಳಬಾಗಿಲ ಕಡೆ ನೋಡಿದೆ. ಆಯಿ ಅಲ್ಲೇ ನಿಂತಿದ್ದಳು, ಮಜ್ಜಿಗೆಯ ಲೋಟ ಹಿಡಿದುಕೊಂಡು. ಕೇಳಿಸಿಕೊಂಡಿದ್ದಳು. ಮುತ್ಯಾ ಆಕೆಯ ಕಡೆ ತಿರುಗಲೇ ಇಲ್ಲ. ಹೊದಿಕೆಯೊಳಗೆ ಆ ಕೈಯನ್ನು ನೇವರಿಸುತ್ತಿದ್ದ, ಮಲಗಿದ ಮಗುವಿನ ಬೆನ್ನು ತಟ್ಟುವಂತೆ.

ಅಲ್ಲಿಂದ ಮುಂದೆ ಆಯಿಯ ನಡಿಗೆ ಬದಲಾಯಿತು. ಕಾಲ ಸದ್ದು ಕಡಿಮೆಯಾಯಿತು. ಪಾತ್ರೆಗಳನ್ನು ಸದ್ದಾಗದಂತೆ ಇಡುವಳು. ಸಾಯುವ ಮೊದಲು ಮನುಷ್ಯನಿಗೆ ಯಾರು ಕಾಣುವುದಿಲ್ಲವೋ ಅವರ ಆಯುಷ್ಯವೂ ತೀರಿತೆಂದು ಪಕ್ಕದ ಮನೆಯ ಹೆಂಗಸೊಬ್ಬಳು ಹೇಳಿ ಹೋಗಿದ್ದಳು. ಅಪರೂಪಕ್ಕೆ ಆಯಿ ಮಂಚದ ಕಾಲ ಕಡೆಯಿಂದ ಅಂಗಡಿಯ ಬಾಗಿಲು ಹಾಕಲು ಹೋದಾಗ, ಮುತ್ಯಾ ತಟ್ಟನೆ ಕೈ ಎತ್ತಿ "ಬಂದ್ಯಾ?" ಎನ್ನುವನು. ಆಕೆ ಓಡಿ ಬಂದು ತನ್ನ ಜಾಗದಲ್ಲಿ, ಎಡಕ್ಕೆ, ಕೂರುವಳು. ಅಷ್ಟರಲ್ಲಿ ಅವನ ಮುಖ ಆರಿರುತ್ತಿತ್ತು. "ಬರ್ತಾಳ, ನಿಂದ್ರಂಗಿಲ್ಲ" ಎಂದು ಖಾದರ್ ಸಾಹೇಬರಿಗೆ ಹೇಳುತ್ತಿದ್ದ. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಆಯಿ ನನ್ನ ಮೊಳಕೈ ಹಿಡಿದು ನಿಲ್ಲಿಸಿದಳು.

"ನೀಲೂ, ನಾ ನಿನಗ ಕಾಣ್ತೀನಿ ಹೌದಿಲ್ಲ?"

"ಕಾಣ್ತಿ ಆಯಿ."

"ಪೂರಾ ಕಾಣ್ತೀನಿ?"

ನಾನು ಅಡಿಯಿಂದ ಮುಡಿಯವರೆಗೆ ನೋಡಿದೆ. ಪ್ರಶ್ನೆ ಕೇಳಿದವಳಿಗೆ ಸರಿಯಾದ ಉತ್ತರ ಬೇಕಿತ್ತು, ಸಮಾಧಾನ ಅಲ್ಲ. "ಪೂರಾ ಕಾಣ್ತಿ," ಎಂದೆ. ಆಕೆ ತಲೆಯಾಡಿಸಿ ಕೊಡ ಎತ್ತಿಕೊಂಡಳು. ನಂತರ ನಾನು ಪರೀಕ್ಷಿಸಿದ ಎಷ್ಟೋ ರೋಗಿಗಳ ಎದುರು ಕೂತಾಗ ಆ ಪ್ರಶ್ನೆ ಕಿವಿಯಲ್ಲಿ ಇರುತ್ತಿತ್ತು.

ಅದಾದ ಮೇಲೆ ನಾನು ಮುತ್ಯಾನನ್ನು ಬಿಡದೆ ನೋಡತೊಡಗಿದೆ. ಅವನು ಪತ್ರಿಕೆ ಓದುವಾಗ ಬೆರಳು ಸಾಲಿನ ಕೆಳಗೆ ಹರಿಯುತ್ತಿತ್ತು. ಉರ್ದು ಬಲದಿಂದ ಹೊರಡುತ್ತದೆ; ಬೆರಳು ಬಲದಿಂದ ಹೊರಟು ನಡುವಿನವರೆಗೆ ಹೋಗಿ ನಿಂತು ಮುಂದಿನ ಸಾಲಿಗೆ ಇಳಿಯಿತು. ಸಾಲಿನ ಮೊದಲು ಸಿಕ್ಕಿದ್ದರಿಂದ ಉಳಿದದ್ದನ್ನು ಊಹಿಸಿಕೊಂಡು ಸುದ್ದಿ ಹೇಳುತ್ತಿದ್ದ. ಮೇಲಿಟ್ಟಿದ್ದ ಪುರಾಣದ ಪುಸ್ತಕವನ್ನು ಇಳಿಸಿ ಅವನ ಕೈಗೆ ಕೊಟ್ಟೆ. ಬೆರಳು ಸಾಲಿನ ನಡುವೆಯೇ ಹೊರಟು ಬಲತುದಿಗೆ ಮುಗಿಯಿತು. ಎರಡೂ ಪುಟಗಳಲ್ಲಿ ಬೆರಳು ಮುಟ್ಟಿದ್ದು ಬಲದ ಅರ್ಧವನ್ನು ಮಾತ್ರ. ಅವನು ಕನ್ನಡ ಮರೆತಿರಲಿಲ್ಲ. ಕನ್ನಡದ ಸಾಲುಗಳು ಶುರುವಾಗುವ ಕಡೆ ಅವನಿಗೆ ಏನೂ ಇರಲಿಲ್ಲ.

ಮಧ್ಯಾಹ್ನ ಊಟದಲ್ಲಿ ತಟ್ಟೆ ನೋಡಿದೆ. ಪಲ್ಯ ಖಾಲಿ, ರೊಟ್ಟಿಯ ಬಲದ ಅರ್ಧ ಖಾಲಿ. ಮೊಸರು, ಹಿಂಡಿ ಹಾಗೇ ಇವೆ. ಕೈ ತೊಳೆಯಲು ನೀರು ಕೇಳಿದ. ಎಡಕ್ಕೆ ಕೂತ ಆಯಿ, ತಾನು ಬಡಿಸಿದ್ದನ್ನು ಮುಟ್ಟಲಿಲ್ಲವೆಂದು ತಲೆ ಬಗ್ಗಿಸಿದ್ದಳು. ನಾನು ಕೈ ಚಾಚಿ ತಟ್ಟೆಯನ್ನು ತಿರುಗಿಸಿದೆ.

"ಏ!" ಎಂದಳು ಆಯಿ.

"ಹಾಂ, ಮೊಸರು ಈಗ ನೆನಪಾತೇನು ನಿಮಗ?" ಎಂದ ಮುತ್ಯಾ, ಉಳಿದದ್ದನ್ನೆಲ್ಲ ಉಂಡ.

ನನ್ನ ಬೆನ್ನಿಗೆ ಆಯಿಯ ಬೀಸಣಿಗೆಯ ಹಿಡಿ ಬಿತ್ತು. ಆದರೆ ನನಗೆ ಗೊತ್ತಾಗಿತ್ತು. ಸಂಜೆ ಅಡುಗೆಮನೆಯಲ್ಲಿ, ಅವ್ವನ ಎದುರೇ, ಹೇಳಿದೆ:

"ಆಯಿ, ಮುತ್ಯಾಗ ಸಿಟ್ಟಿಲ್ಲ. ಎಡಕ್ಕಿದ್ದದ್ದು ಯಾವುದೂ ಕಾಣವಲ್ದು. ನೀ ಬಲಕ್ಕ ಬಂದು ಕೂಡು, ಕಾಣ್ತಿ."

ಆಕೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಲಗ್ನದಾಗ ತಾಳಿ ಕಟ್ಟೂತನಕ ನನ್ನ ಬಲಕ್ಕ ಕೂಡಿಸಿದ್ರು. ಕಟ್ಟಿದ ಮ್ಯಾಗ ಎಬ್ಬಿಸಿ ಎಡಕ್ಕ ಕೂಡಿಸಿದ್ರು. ಅವತ್ತ ಸಿಕ್ಕ ಜಾಗಾ ಅದು. ಒಂದ ದಿನ ಸಿಟ್ಟಿಗೆದ್ದು ಅದನ್ನ ಬಿಟ್ಟೆ, ಮರುದಿನಾನ ಅವರು ಬಿದ್ರು. ಕಣ್ಣಿಗೆ ಬೀಳಂಗಿಲ್ಲ ಅಂದೆ, ಬೀಳವಲ್ಲೆ. ನನ್ನ ಬಾಯಿ ಹತ್ತೇತಿ ಅವರಿಗೆ. ಇನ್ನ ಸತ್ರೂ ಆ ಜಾಗಾ ಬಿಡಂಗಿಲ್ಲ."

"ಅಲ್ಲೇ ಕೂತ್ರ ನೀ ಅವಂಗ ಸತ್ತಂಗ, ಆಯಿ."

ಅವ್ವ ನನ್ನ ಬಾಯಿ ಮುಚ್ಚಿದಳು. ಆಯಿ ಬೆಂಕಿಯ ಕಡೆ ತಿರುಗಿ ರೊಟ್ಟಿ ಬಡಿದಳು.

ಈ ಕಾಯಿಲೆಗೆ ಹೆಸರಿದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋಗುವಾಗ, ಕೋಠಿಯ ಹಳೆಯ ಪುಸ್ತಕದ ಸಾಲಿನಲ್ಲಿ. ಯಾರೋ ವೈದ್ಯ ವಿದ್ಯಾರ್ಥಿ ಮಾರಿದ್ದ ಒಂದು ದಪ್ಪ ಪುಸ್ತಕದಲ್ಲಿ ರೋಗಿಯೊಬ್ಬ ಬರೆದ ಗಡಿಯಾರದ ಚಿತ್ರವಿತ್ತು. ಅಂಕಿಗಳೆಲ್ಲ ಬಲಕ್ಕೆ ಒತ್ತಿಕೊಂಡು ನಿಂತಿದ್ದವು, ಎಡದ ಅರ್ಧ ಬೋಳು. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಲೋಕದ ಎಡಭಾಗದ ಗಮನವೇ ಹೋಗುತ್ತದೆ, ಕಣ್ಣು ಸರಿಯಿದ್ದರೂ. ತಮ್ಮ ಎಡಗೈಯನ್ನೇ ಬೇರೆಯವರದೆಂದು ಹೇಳುತ್ತಾರೆ. ನಿಂತಲ್ಲೇ ಓದಿದೆ. "ಕೊಂಟಾವಾ, ಲೇದಾ?" ಕೊಳ್ಳುತ್ತೀಯೋ ಇಲ್ಲವೋ ಎಂದು ಅಂಗಡಿಯವನು ರೇಗಿದ. ಕೊಂಡೆ. ಆ ಪುಸ್ತಕದ ದಾರಿ ಹಿಡಿದು ನಾನು ಹೋದ ವಿಭಾಗದಲ್ಲಿ ಹೆಣ್ಣು ನಾನೊಬ್ಬಳೇ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ನನ್ನ ಮದುವೆಯದು. ಮೊದಲ ವರ್ಷಗಳಲ್ಲಿ ಕೊಟ್ಟ ಕೆಲಸ ಗಾಜಿನ ತಟ್ಟೆ ತೊಳೆಯುವುದು, ಬೇರೆಯವರು ಕತ್ತರಿಸಿದ ಮೆದುಳಿನ ಪದರಗಳಿಗೆ ಬಣ್ಣ ಹಾಕುವುದು. ತೊಳೆದೆ, ಬಣ್ಣ ಹಾಕಿದೆ, ಹೊತ್ತಿಗೆ ಸರಿಯಾಗಿ ಬಂದೆ, ಹೊತ್ತಿಗೆ ಸರಿಯಾಗಿ ಹೋದೆ. ಕ್ರಮ ತಪ್ಪದವಳನ್ನು ಹೊರಗೆ ಹಾಕಲು ಅವರಿಗೆ ಕಾರಣ ಸಿಗಲಿಲ್ಲ. ಕೊನೆಗೆ ಗಮನದ ಮೇಲೆ ನನ್ನದೇ ಕೆಲಸ ಬಂತು, ವಾರ್ಡುಗಳು ಬಂದವು. ಬರೆದ ಪ್ರಬಂಧಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದ್ದಾರೆ, ಅದು ಸರಿಯೇ. ಆದರೆ ವಾರ್ಡಿನಲ್ಲಿ ನಾನು ಮೊದಲು ಮಾಡುತ್ತಿದ್ದ ಕೆಲಸವನ್ನು ಯಾರೂ ತಿದ್ದಬೇಕಾಗಿಲ್ಲ. ಮಂಚದ ಎಡಕ್ಕೆ ಕೂತು ಅಳುತ್ತಿರುವ ಹೆಂಡತಿಯನ್ನೋ ಮಗನನ್ನೋ ಎಬ್ಬಿಸುತ್ತಿದ್ದೆ. "ಮೊದಲು ಬಲಕ್ಕೆ ಬಂದು ಮಾತಾಡಿ. ನಿಮ್ಮನ್ನು ಗುರುತಿಸಿದ ಮೇಲೆ ದಿನಕ್ಕಿಷ್ಟು ಕುರ್ಚಿಯನ್ನು ಎಡಕ್ಕೆ ಸರಿಸಿ." ಎಲ್ಲರೂ ಕೂಡಲೇ ಏಳುತ್ತಿರಲಿಲ್ಲ. ಯಾಕೆ ಏಳುವುದಿಲ್ಲ ಎನ್ನುವುದು ನನಗೆ ಅರ್ಥವಾಗುತ್ತಿತ್ತು.

ಆಯಿ ಎದ್ದದ್ದು ಒಂದು ಸೋಮವಾರ. ಬಿದ್ದಂದಿನಿಂದ ಮುತ್ಯಾ ಪೂಜೆ ಮಾಡಿರಲಿಲ್ಲ. ಆಯಿ ಅವನ ಹಣೆಗೆ ವಿಭೂತಿ ಹಚ್ಚಿ ಊಟ ಬಡಿಸುತ್ತಿದ್ದಳು. ಅಂದು ಅವನೇ ಕೇಳಿದ. ಅಪ್ಪ ಸ್ನಾನ ಮಾಡಿಸಿ, ದಿಂಬುಗಳಿಗೆ ಒರಗಿಸಿ ಕೂರಿಸಿದ. ಎಡಕ್ಕೆ ಕೂತ ಆಯಿ ಅವನ ಎಡಗೈಯನ್ನು ದಿಂಬಿನ ಮೇಲೆ ಬಿಡಿಸಿ, ಅದರ ಕೆಳಗೆ ತನ್ನ ಕೈ ಆನಿಸಿ ಹಿಡಿದಳು. ಅಪ್ಪ ಕರಡಿಗೆ ತೆಗೆದು ಲಿಂಗವನ್ನು ಆ ಅಂಗೈಯ ಮೇಲೆ ಇಟ್ಟ. ಮುತ್ಯಾ ಬಲಕ್ಕೆ ನೋಡುತ್ತ ಕಾಯುತ್ತಿದ್ದ.

"ಅಪ್ಪಾ, ಇಲ್ಲಿ ನೋಡ್ರಿ, ಕೈಯಾಗ ಇಟ್ಟೀನಿ," ಎಂದು ಅಪ್ಪ ಅವನ ಗದ್ದ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದ.

ಮುತ್ಯಾನ ಕಣ್ಣು ಕಷ್ಟಪಟ್ಟು ಅಲ್ಲಿಗೆ ತಲುಪಿತು. ಅಂಗೈ ಕಂಡಿತು, ಲಿಂಗ ಕಂಡಿತು. ಅದರಾಚೆಗೆ ಒಂದು ಗೇಣು ದೂರದಲ್ಲಿದ್ದ ಆಯಿಯ ಮುಖ ಕಾಣಲಿಲ್ಲ.

"ನನ್ನ ಲಿಂಗ ಆಕಿ ಕೈಯಾಗ ಯಾಕ ಇಟ್ಟೀ?"

"ನಿಮ್ಮ ಕೈನ ಅದು."

"ನನ್ನ ಕೈ ಇಲ್ಲೈತಿ." ಬಲಗೈ ಎತ್ತಿ ತೋರಿಸಿದ. "ಅದು ನಿಮ್ಮವ್ವಂದು. ಎಷ್ಟ ದಿನ ಮುಚ್ಚಿಡ್ತೀರಿ? ಆಕಿ ಹೋಗ್ಯಾಳಂತ ನನಗ ಗೊತ್ತೈತಿ. ಕೈ ಒಂದ ನನ್ನ ಹಾಸಿಗ್ಯಾಗ ಬಿಟ್ಟೀರಿ. ಅದಕ್ಕರ ವಿಭೂತಿ ಹಚ್ಚಿ ಮಣ್ಣ ಮಾಡ್ರಿ."

ನಮ್ಮವರು ಸತ್ತವರನ್ನು ಹೂಳುತ್ತಾರೆ. ಮುತ್ಯಾ ಲಿಂಗವನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅಪ್ಪ ಖಾಲಿ ಕರಡಿಗೆಯನ್ನು ಕೆಳಗಿಟ್ಟ. ಅಂಗಡಿಯ ಬಾಗಿಲಲ್ಲಿ ಖಾದರ್ ಸಾಹೇಬರು ಬಂದು ನಿಂತಿದ್ದರು, ಅವರ ಹಿಂದೆ ಇಬ್ಬರು ಗಿರಾಕಿಗಳು. ಆಯಿ ಅವನ ಕೈಯ ಕೆಳಗಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು.

"ಆಯಿ, ಏಳು," ಎಂದೆ.

ಆಕೆ ಮುತ್ಯಾನ ಕೈಯನ್ನು ದಿಂಬಿನ ಮೇಲೆ ಇಳಿಸಿದಳು. ಸೆರಗು ತಲೆಗೆ ಎಳೆದುಕೊಂಡಳು. ಎದ್ದು, ಮಂಚದ ಕಾಲ ಕಡೆಯಿಂದ, ಗಂಡಸರು ನಿಂತಿದ್ದ ಕಡೆಗೆ ನಡೆದಳು. ನಾನು ಮುತ್ಯಾನ ಕಣ್ಣನ್ನು ನೋಡುತ್ತಿದ್ದೆ. ಆಕೆ ಮಂಚದ ನಡುವಿಗೆ ಬರುವವರೆಗೆ ಆ ಕಣ್ಣಿನಲ್ಲಿ ಏನೂ ಇರಲಿಲ್ಲ. ಇನ್ನೊಂದು ಹೆಜ್ಜೆ. ಕಣ್ಣು ಸೆರಗಿನ ಅಂಚನ್ನು ಹಿಡಿಯಿತು, ಮೇಲೇರಿತು, ಮುಖದಲ್ಲಿ ನಿಂತಿತು. ಆಯಿ ಬಲಕ್ಕೆ ಬಂದು ಖಾದರ್ ಸಾಹೇಬರ ಕುರ್ಚಿಯಲ್ಲಿ ಕೂತಳು. ಅವರು ಗಿರಾಕಿಗಳನ್ನು ಕರೆದುಕೊಂಡು ಹೊರಗೆ ಹೋದರು.

"ಎಲ್ಲಿ ಹೋಗಿದ್ದಿ?"

"ಎಲ್ಲೂ ಹೋಗಿಲ್ರಿ. ಇಲ್ಲೇ ಇದ್ದೆ."

"ಸುಳ್ಳ. ಸಿಟ್ಟ ಮಾಡ್ಕೊಂಡು ಹೋಗಿದ್ದಿ. ಒಂದ ಬಿಸ್ಕೀಟಿಗೆ ಇಷ್ಟ ಸಿಟ್ಟ?"

ಆಯಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಹೌದ್ರಿ. ಹೋಗಿದ್ದೆ. ಈಗ ಬಂದೀನಿ."

ಮುತ್ಯಾ ತೊಡೆಯ ಮೇಲಿನ ಲಿಂಗವನ್ನು ಎತ್ತಿಕೊಂಡು ಇಡಲು ಜಾಗ ಹುಡುಕಿದ. ಆಯಿ ತನ್ನ ಎಡ ಅಂಗೈಯನ್ನು ಅವನ ಮುಂದೆ ಚಾಚಿದಳು. ಒಬ್ಬರ ಇಷ್ಟಲಿಂಗ ಇನ್ನೊಬ್ಬರ ಅಂಗೈಗೆ ಹೋಗಬಾರದು. ಇದು ಆಯಿಯ ಕಾನೂನಲ್ಲ, ಆಯಿಗಿಂತ ಹಳೆಯದು.

"ಯವ್ವಾ!" ಎಂದ ಅಪ್ಪ.

"ಸುಮ್ನಿರು. ಅವರು ನೋಡಾಕತ್ತ್ಯಾರ."

ಮುತ್ಯಾ ಲಿಂಗವನ್ನು ಆ ಅಂಗೈಯಲ್ಲಿ ಇಟ್ಟ. ವಿಭೂತಿ ಹಚ್ಚಿದ, ಪತ್ರಿ ಏರಿಸಿದ, ನೋಡಿದ. ಲಿಂಗವನ್ನು ನೋಡುತ್ತಿದ್ದನೋ ಅದನ್ನು ಹಿಡಿದ ಕೈಯನ್ನೋ, ನನಗೆ ತಿಳಿಯಲಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ದಿಂಬಿನ ಮೇಲಿದ್ದ ಎಡಗೈ ಜಾರಿ ಅವನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ಕಂಡ. ಆಯಿಯ ಎರಡೂ ಕೈಗಳನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಹಂಗಾರ ಇದು ಯಾರದು?"

ಅಪ್ಪ ಬಾಯಿ ತೆರೆದ. ಆಯಿ ಕಣ್ಣಿನಲ್ಲೇ ಅವನನ್ನು ತಡೆದಳು.

"ಅದೂ ನಂದೇರಿ," ಎಂದಳು. "ಇರ್ಲಿ ಬಿಡ್ರಿ."

ಮುತ್ಯಾ ಒಪ್ಪಿಕೊಂಡ. ಅವನು ಬದುಕಿದ್ದಷ್ಟು ದಿನ ಆಯಿ ಬಲಕ್ಕೇ ಕೂತಳು. ಎಡಕ್ಕೆ ಯಾರೂ ಕೂರಲಿಲ್ಲ. ಕೆಲವೊಮ್ಮೆ ಮಾತಿನ ನಡುವೆ ಅವನು ಹೊದಿಕೆಯೊಳಗಿನ ಆ ಕೈಯನ್ನು ತಡವಿ, "ನಿನಗ ಭಾಳ ಥಂಡಿ ಆಗೇತಿ" ಎನ್ನುತ್ತಿದ್ದ. ಬೇಸಿಗೆಯ ಮಧ್ಯಾಹ್ನವೇ ಆಗಿದ್ದರೂ ಆಯಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಕೂರುತ್ತಿದ್ದಳು.